2025: ರಜೆ ಖಾತೆಯಲ್ಲಿತ್ತು, ಕೈಗೆ ಸಿಗಲಿಲ್ಲ

ವರ್ಷ ಶುರುವಾದದ್ದು 90 ಗಂಟೆಯ ಜಗಳದಿಂದ. ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ಬರಬೇಕು ಎಂಬರ್ಥದಲ್ಲಿ ಎಲ್ ಆ್ಯಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಆಡಿದ ಮಾತು ಜನವರಿಯಲ್ಲಿ ಹೊರಬಿದ್ದು ಊರೆಲ್ಲ ಚರ್ಚೆಯಾಯಿತು. ವರ್ಷ ಮುಗಿಯುವಾಗ, ಡಿಸೆಂಬರ್ 5ರಂದು, ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಖಾಸಗಿ ಮಸೂದೆ ಮಂಡಿಸಿದರು. ಕೆಲಸದ ಅವಧಿ ಮುಗಿದ ಮೇಲೆ ಆಫೀಸಿನ ಫೋನು, ಇಮೇಲುಗಳಿಗೆ ಉತ್ತರಿಸದೆ ಇರುವ ಹಕ್ಕು ನೌಕರರಿಗೆ ಇರಬೇಕು ಎನ್ನುತ್ತದೆ ಅದು. ಈ ಎರಡರ ನಡುವಿನ ತಿಂಗಳುಗಳಲ್ಲಿ ಮುಂಬಯಿಯ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮ ಕರಾವಳಿಯವರ ಪಾಡು ಏನಾಯಿತು?

ಮೊದಲು ಜಮಾ ಕಡೆ ನೋಡೋಣ. ಎಲೆಕ್ಟ್ರಾನಿಕ್ಸ್ ರಫ್ತಿಗೆಂದು 1973ರಲ್ಲಿ ಅಂಧೇರಿಯಲ್ಲಿ ಶುರುವಾದ ಸೀಪ್ಜ್, ಈಗಿನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ವರ್ಲಿ, ಕಫ್ ಪರೇಡ್ ಎಲ್ಲವನ್ನೂ ನೆಲದಡಿಯಲ್ಲೇ ಜೋಡಿಸುವ 33.5 ಕಿ.ಮೀ. ಉದ್ದದ ಮೆಟ್ರೊ-3 ಅಕ್ಟೋಬರ್ 9ರಿಂದ ಪೂರ್ತಿಯಾಗಿ ಓಡತೊಡಗಿತು. ಸೀಪ್ಜ್ ಗೇಟಿನೆದುರು ರಿಕ್ಷಾಗಳಿಗೆ ಕೈ ಅಡ್ಡ ಹಾಕಿ ಹಾಕಿ ಸೋತವರಿಗೆ ಇದು ಸಣ್ಣ ಉಪಕಾರವಲ್ಲ. ಮೇ ತಿಂಗಳಲ್ಲಷ್ಟೇ ತೆರೆದಿದ್ದ ಇದೇ ಮಾರ್ಗದ ಆಚಾರ್ಯ ಅತ್ರೆ ಚೌಕ್ ನಿಲ್ದಾಣಕ್ಕೆ ಅದೇ ತಿಂಗಳ 26ರ ಮಳೆಯಲ್ಲಿ ನೀರು ನುಗ್ಗಿದ್ದನ್ನೂ ಲೆಕ್ಕದಲ್ಲಿ ಬರೆದಿಡಬೇಕು.

ಡೊಂಬಿವಲಿ, ಕಲ್ಯಾಣದ ಕಡೆ ಮನೆ ಮಾಡಿಕೊಂಡವರಿಗೆ ಈ ಸುಖ ಇನ್ನೂ ದೂರ. ಐರೋಲಿಯಲ್ಲಿ ಆಫೀಸು ಇರುವವನು ಬೆಳಿಗ್ಗೆ ಠಾಣೆಯವರೆಗೆ ಲೋಕಲ್ಲಿನಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಾನೆ. ಅಲ್ಲಿ ಇಳಿದು, ಸೇತುವೆ ಹತ್ತಿ, ಎದುರಿನಿಂದ ಬರುವ ಜನಪ್ರವಾಹದಲ್ಲಿ ಅಡ್ಡಡ್ಡ ಈಜಿ 9-10ನೇ ಪ್ಲಾಟ್‌ಫಾರ್ಮ್ ಸೇರಿ ವಾಶಿ, ಪನ್ವೇಲ್ ಕಡೆಯ ಗಾಡಿ ಹಿಡಿಯುತ್ತಾನೆ. ಐಡಿ ಕಾರ್ಡ್ ಮುಟ್ಟಿಸಿ ಆಫೀಸಿನೊಳಗೆ ಕಾಲಿಡುವಷ್ಟರಲ್ಲಿ ಅರ್ಧ ದಿನದ ದಣಿವು ಆಗಿಹೋಗಿರುತ್ತದೆ. ಜೂನ್ 9ರ ಸೋಮವಾರ ಬೆಳಿಗ್ಗೆ ಮುಂಬ್ರಾ ತಿರುವಿನಲ್ಲಿ, ಎದುರುಬದುರು ಸಾಗುತ್ತಿದ್ದ ಗಾಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಹೊಸ ರೇಕ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಬರಲಿದೆ ಎಂದಿತು ರೈಲ್ವೆ. ಬಾಗಿಲು ಮುಚ್ಚಿದರೂ ಒಳಗಿನ ಜನ ಕಡಿಮೆಯಾಗುವುದಿಲ್ಲ. ಎಲ್ಲ ಆಫೀಸುಗಳೂ ಒಂದೇ ಹೊತ್ತಿಗೆ ತೆರೆಯುವುದು ನಿಲ್ಲಬೇಕು.

ಇನ್ನು ಸಂಜೆಯ ಹೊತ್ತು ಇರುವುದು ಅಮೆರಿಕದ ಕೈಯಲ್ಲಿ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಚಳಿಗಾಲದಲ್ಲಿ ನಮಗೆ ರಾತ್ರಿ 7.30. ಮಾರ್ಚ್ 9ರಂದು ಅಲ್ಲಿ ಗಡಿಯಾರವನ್ನು ಮುಂದಕ್ಕಿಟ್ಟ ಮೇಲೆ ಅದು ಸಂಜೆ 6.30 ಆಯಿತು. ಕ್ಲೈಂಟ್ ಕಾಲ್ ಒಂದು ಗಂಟೆ ಮೊದಲೇ ಮುಗಿದು, ಬೇಸಿಗೆಯಲ್ಲಿ ಅನೇಕರು ಮಕ್ಕಳು ಎಚ್ಚರವಿರುವಾಗಲೇ ಮನೆ ಸೇರಿದರು. ನವೆಂಬರ್ 2ಕ್ಕೆ ಗಡಿಯಾರ ಹಿಂದೆ ಸರಿಯಿತು, ಆ ಒಂದು ಗಂಟೆಯೂ ಹೋಯಿತು. ಮೆಟ್ರೊ ಉಳಿಸಿಕೊಟ್ಟ ಅರ್ಧ ಗಂಟೆಯ ಗತಿಯೂ ಇದೇ: ಬೇಗ ಹೊರಡಬಲ್ಲವನಿಗೆ ಇನ್ನೊಂದು ಮೀಟಿಂಗ್ ಸಿಕ್ಕಿತು.

ಬೇಡ ಎನ್ನುವ ಧೈರ್ಯವೂ ಈ ವರ್ಷ ಕುಗ್ಗಿತು. ಮುಂಬಯಿಯಲ್ಲೇ 1968ರಲ್ಲಿ ಹುಟ್ಟಿ ದೇಶದ ಅತಿ ದೊಡ್ಡ ಐಟಿ ಸಂಸ್ಥೆಯಾಗಿ ಬೆಳೆದ ಟಿಸಿಎಸ್, ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿತಗೊಳಿಸುವುದಾಗಿ ಜುಲೈಯಲ್ಲಿ ಪ್ರಕಟಿಸಿತು. ಅಂಥ ಸಂಸ್ಥೆಯಲ್ಲೇ ಹೀಗಾದರೆ ನಮ್ಮ ಕಥೆಯೇನು ಎಂದು ಉಳಿದ ಕಂಪನಿಗಳವರು ಲೆಕ್ಕ ಹಾಕಿದರು. ಗೃಹಸಾಲದ ಕಂತು ಕಟ್ಟುವವನು ಇಂಥ ಹೊತ್ತಿನಲ್ಲಿ ರಜೆ ಕೇಳಲು ಬಾಯಿ ತೆರೆಯುವುದಾದರೂ ಹೇಗೆ?

ಬೇಸಿಗೆಯ ಊರಪ್ರಯಾಣಕ್ಕೆ ಪೆಟ್ಟು ಬೀಳುವುದು ಇಲ್ಲಿ. ರೈಲು ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದ ಮೇಲೆ ಬಂದ ಮೊದಲ ಬೇಸಿಗೆ ಇದು. ಪ್ರಾಜೆಕ್ಟಿನ ರಿಲೀಸ್ ದಿನಾಂಕ ಗಟ್ಟಿಯಾಗದೆ ಮ್ಯಾನೇಜರ್ ರಜೆ ಮಂಜೂರು ಮಾಡುವುದಿಲ್ಲ; ಮಂಜೂರಾಗುವ ಹೊತ್ತಿಗೆ ಊರಿನ ಮತ್ಸ್ಯಗಂಧ ರೈಲಿನಲ್ಲಿ ವೇಯ್ಟಿಂಗ್ ಲಿಸ್ಟ್. ಹೆಂಡತಿ ಮಕ್ಕಳು ಮೊದಲೇ ಊರು ಸೇರಿದರು. ಅಪ್ಪ ಡೊಂಬಿವಲಿಯಲ್ಲಿ ಅನ್ನ ತಿಳಿಸಾರು ಮಾಡಿಕೊಂಡು, ಬಿಡುವು ಸಿಕ್ಕ ಒಂದು ಶನಿವಾರ ಐರೋಲಿಯಿಂದ ದೋಣಿ ಹತ್ತಿ ಠಾಣೆ ಖಾರಿಯ ಫ್ಲೆಮಿಂಗೊ ನೋಡಿ, ವಾಶಿಯಿಂದ ಒಂದು ಪೆಟ್ಟಿಗೆ ಆಪೂಸ್ ತಂದು ತಿಂದ. ಕೊನೆಗೆ ತತ್ಕಾಲದಲ್ಲಿ ಸೀಟು ಹಿಡಿದು ಹೊರಟವನ ಹೆಗಲಲ್ಲಿ ಲ್ಯಾಪ್‌ಟಾಪ್ ಇದ್ದೇ ಇತ್ತು. ರತ್ನಾಗಿರಿಗೆ ಮೊದಲು ಸಿಗುವ ಆರೂವರೆ ಕಿ.ಮೀ. ಉದ್ದದ ಕರಬುಡೆ ಸುರಂಗದಲ್ಲಿ ನೆಟ್‌ವರ್ಕ್ ಇಲ್ಲದೆ ಕಾಲ್ ಕಡಿಯಿತು, ಹೊರಬಂದೊಡನೆ "ಆರ್ ಯು ದೇರ್?" ಎಂಬ ಮೆಸೇಜುಗಳ ಸಾಲು. ಮೇ 24ರ ಆಸುಪಾಸಿನ ಪತ್ತನಾಜೆಗೆ ಊರಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. 26ಕ್ಕೆ ಮುಂಗಾರು, ದಾಖಲೆಗಳಲ್ಲೇ ಬಹಳ ಬೇಗ ಎನ್ನುವಂತೆ, ಮುಂಬಯಿ ತಲುಪಿತು. ಮೇ ಕೊನೆಗೆ ರಜೆ ಹೊಂದಿಸಿಕೊಂಡವರಿಗೆ ಆಟವೂ ಸಿಗಲಿಲ್ಲ, ಬಿಸಿಲೂ ಸಿಗಲಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತ ಹಿಂದಿನ ತಲೆಮಾರಿನ ಬದುಕು ಇದಕ್ಕಿಂತ ಎಷ್ಟೋ ಕಠಿಣ. ಅದನ್ನು ಹೊಗಳಿ ಹಾಡಬೇಕಾಗಿಲ್ಲ. ಆದರೂ ಅವರು ಊರಿಗೆ ಹೋದರೆ ವಾರಗಟ್ಟಲೆ ಇದ್ದು ಬರುತ್ತಿದ್ದರು; ಅವರ ಜಾಗದಲ್ಲಿ ಬದಲಿ ಆಳು ಕಾವಲಿಯ ಮುಂದೆ ನಿಲ್ಲುತ್ತಿದ್ದ. ಐಟಿಯಲ್ಲಿ ಸರ್ವರ್‌ಗೆ ಬದಲಿ ಸರ್ವರ್ ಇದೆ, ಒಂದು ಡೇಟಾ ಸೆಂಟರ್ ಮುಳುಗಿದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಮನುಷ್ಯನಿಗೆ ಮಾತ್ರ ಬದಲಿ ಇಲ್ಲ.

ರಜೆಯಲ್ಲಿ ಹೋದವನ ಜಾಗಕ್ಕೆ ಬದಲಿ ಬೇಕು ಎಂಬುದು ಆಗದ ಹೋಗದ ಬೇಡಿಕೆ ಎನ್ನುವವರು ಫೋರ್ಟ್‌ನ ಬ್ಯಾಂಕುಗಳತ್ತ ನೋಡಲಿ. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ, ಕಡ್ಡಾಯ ರಜೆಯ ಮೇಲೆ ಕಳಿಸಬೇಕು, ಆಗ ಆಂತರಿಕ ಇಮೇಲ್ ಬಿಟ್ಟರೆ ಕೆಲಸದ ಯಾವ ವ್ಯವಸ್ಥೆಯೂ ಅವರ ಕೈಗೆ ಸಿಗಬಾರದು ಎಂದು ರಿಸರ್ವ್ ಬ್ಯಾಂಕ್ 2021ರ ಜುಲೈಯಲ್ಲೇ ಸುತ್ತೋಲೆ ಹೊರಡಿಸಿದೆ. ಅಲ್ಲಿ ಉದ್ದೇಶ ವಂಚನೆ ತಡೆಯುವುದು. ಆದರೆ ಒಬ್ಬ ಹತ್ತು ದಿನ ಇಲ್ಲದಿದ್ದರೂ ಕೌಂಟರ್ ನಡೆಯಬೇಕು ಎಂಬ ಶಿಸ್ತು ಅದರಿಂದ ತಾನಾಗಿ ಬರುತ್ತದೆ. ಬ್ಯಾಂಕಿನ ಮಟ್ಟಿಗೆ ಸಾಧ್ಯವಾದದ್ದು, ಅದೇ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವವರ ಮಟ್ಟಿಗೆ ಯಾಕೆ ಅಸಾಧ್ಯ?

ಸುಳೆಯವರ ಮಸೂದೆಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. 1970ರ ನಂತರ ಒಂದೇ ಒಂದು ಖಾಸಗಿ ಮಸೂದೆಯೂ ಸಂಸತ್ತಿನಲ್ಲಿ ಕಾಯ್ದೆಯಾಗಿಲ್ಲ. ಹಾಗಾಗಿ ಕಾನೂನಿಗೆ ಕಾಯದೆ ತಂಡದ ಮಟ್ಟದಲ್ಲೇ ಶುರುಮಾಡಬಹುದಾದ ಕೆಲಸ ಇದು. ಯಾರ ಕೆಲಸ ಯಾರಿಗೆ ಹಸ್ತಾಂತರ, ರಾತ್ರಿ ಸಪೋರ್ಟ್ ಟಿಕೆಟ್ ಬಿದ್ದರೆ ಯಾರು ನೋಡಬೇಕು, ಲ್ಯಾಪ್‌ಟಾಪ್ ಆಫೀಸಿನಲ್ಲೇ ಬಿಟ್ಟು ಹತ್ತು ದಿನ ಯಾರು ಯಾವಾಗ ಹೋಗುತ್ತಾರೆ ಎಂಬ ಪಟ್ಟಿ ಗೋಡೆಗೆ ಬೀಳಲಿ. ಮೇ 1ರ ಪ್ರಯಾಣಕ್ಕೆ ರೈಲು ಬುಕಿಂಗ್ ತೆರೆಯುವುದು ಮಾರ್ಚ್ 2ರಂದು. ಹೊಸ ವರ್ಷದಲ್ಲಿ ಆ ಪಟ್ಟಿ ಫೆಬ್ರವರಿ ಮುಗಿಯುವುದರೊಳಗೆ ಸಿದ್ಧವಾಗಲೇಬೇಕು.