ಬಟ್ಟಲಿನ ಅಡಿಯ ಮುದ್ರೆ ಯಾರದ್ದು?

ಜರ್ಮನ್ ಸಿಲ್ವರ್ ಅಂದ ತಕ್ಷಣ ನಮಗೆ ನೆನಪಾಗೋದು ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ. ಮನೆಯ ಕುಂಕುಮದ ಬಟ್ಟಲು ಹೊಳೆಯುತ್ತೆ, ಆದರೆ ಅದರಲ್ಲಿ ಬೆಳ್ಳಿ ಒಂದು ಗ್ರಾಂ ಕೂಡ ಇರಲ್ಲ. ನಾವಿಲ್ಲಿ ಮಾತಾಡ್ತಿರೋದು ಜರ್ಮನಿಯ ಅಸಲಿ ಬೆಳ್ಳಿಯ ಬಗ್ಗೆ: 16, 17ನೇ ಶತಮಾನದಲ್ಲಿ ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ನಗರಗಳ ಅಕ್ಕಸಾಲಿಗರು ಮಾಡಿದ ಎತ್ತರದ ಪಾನಪಾತ್ರೆಗಳ ಬಗ್ಗೆ.

ಇವು ಬರೀ ಕುಡಿಯೋಕೆ ಮಾಡಿದವಲ್ಲ. ದೊರೆಗಳು ಔತಣದ ದಿನ ಇವನ್ನು ಸಾಲಾಗಿ ಜೋಡಿಸಿ ಶ್ರೀಮಂತಿಕೆ ತೋರಿಸುತ್ತಿದ್ದರು, ರಾಯಭಾರಿಗಳ ಕೈಲಿ ಉಡುಗೊರೆಯಾಗಿ ಕಳಿಸುತ್ತಿದ್ದರು. ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ಇಂದಿಗೂ ಜರ್ಮನ್ ಬೆಳ್ಳಿಪಾತ್ರೆಗಳ ದೊಡ್ಡ ಸಂಗ್ರಹವಿದೆ. ಕಷ್ಟಕಾಲಕ್ಕೆ ಬೆಳ್ಳಿಯೇ ಫಿಕ್ಸೆಡ್ ಡೆಪಾಸಿಟ್ ಕೂಡ. ಪ್ರಷ್ಯದ ಎರಡನೇ ಫ್ರೆಡರಿಕ್ 1740ರ ದಶಕದಲ್ಲಿ ಯುದ್ಧದ ಖರ್ಚಿಗೆ ಬರ್ಲಿನ್ ಅರಮನೆಯ ಬೆಳ್ಳಿಯನ್ನು ಕರಗಿಸಿಬಿಟ್ಟ. ಎಷ್ಟೋ ಜನರ ಕೈಕೆಲಸ ನಾಣ್ಯವಾಗಿ ಹೋಯಿತು.

ಹಾಗಾಗಿ ಈ ಪಾತ್ರೆಗಳನ್ನು 'ಇಂಥ ದೊರೆಯ ಸಂಗ್ರಹ' ಅಂತಷ್ಟೇ ಕರೆಯೋದು ಅನ್ಯಾಯ ಅನ್ನೋದು ನಮ್ಮ ಅಭಿಪ್ರಾಯ. ಪಾತ್ರೆ ಮೇಲೆ ಎರಡು ಪುಟ್ಟ ಮುದ್ರೆಗಳಿರುತ್ತವೆ. ಒಂದು ನಗರದ್ದು, ಬೆಳ್ಳಿಯ ಶುದ್ಧತೆಗೆ ಗ್ಯಾರಂಟಿ: ನ್ಯೂರೆಂಬರ್ಗ್‌ಗೆ 'ಎನ್' ಅಕ್ಷರ, ಆಗ್ಸ್‌ಬರ್ಗ್‌ಗೆ ಪೈನ್ ಮರದ ಕಾಯಿ. ಇನ್ನೊಂದು ಮಾಡಿದವನದ್ದು.

ಆ ಮುದ್ರೆ ಸುಮ್ಮನೆ ಸಿಗುತ್ತಿರಲಿಲ್ಲ. 16ನೇ ಶತಮಾನದ ನ್ಯೂರೆಂಬರ್ಗ್‌ನಲ್ಲಿ 'ಮಾಸ್ಟರ್' ಆಗಬೇಕಾದರೆ ಕೋಲಂಬೈನ್ ಹೂವಿನ ಆಕಾರದ ಪಾತ್ರೆಯೊಂದು, ಹರಳು ಕೂರಿಸಿದ ಉಂಗುರವೊಂದು, ಕೆತ್ತಿದ ಮುದ್ರೆಯೊಂದು ಮಾಡಿ ತೋರಿಸಬೇಕಿತ್ತು. ಹಿರಿಯ ಮಾಸ್ಟರ್‌ಗಳು ಪರೀಕ್ಷೆ ಮಾಡುತ್ತಿದ್ದರು. ಅದೇ ಊರಿನ ಪ್ರಸಿದ್ಧ ಅಕ್ಕಸಾಲಿಗ ವೆನ್ಜೆಲ್ ಯಾಮ್ನಿಟ್ಸರ್ 1568ರಲ್ಲಿ ರೆಗ್ಯುಲರ್ ಸಾಲಿಡ್‌ಗಳ ಚಿತ್ರಗಳ ಪುಸ್ತಕವನ್ನೇ ತಂದ. ಫಸ್ಟ್ ಇಯರ್ ಡ್ರಾಯಿಂಗ್ ಶೀಟ್ ನೆನೆಸಿಕೊಂಡರೆ ಅವನ ಮೇಲೆ ಗೌರವ ಬರುತ್ತೆ!

ಈಗ ನಮ್ಮ ವಿಷಯಕ್ಕೆ ಬರೋಣ. ಲ್ಯಾಬ್ ರೆಕಾರ್ಡ್ ಕಾಪಿ ಹೊಡೀತೀವಿ. ಫೈನಲ್ ಇಯರ್ ಪ್ರಾಜೆಕ್ಟ್ ರೆಡಿಮೇಡ್ ಸಿಗುತ್ತೆ, ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ. ಮಾರ್ಕ್ಸ್ ಬರುತ್ತೆ, ಒಪ್ಪೋಣ. 'ಎಲ್ಲರೂ ಮಾಡ್ತಾರೆ' ಅನ್ನೋದೂ ನಿಜ. ಆದರೆ ನಾಲ್ಕು ವರ್ಷ ಕಳೆದ ಮೇಲೆ ನಮ್ಮ ಕೈಲಿರೋದು ನಮ್ಮ ಹೆಸರಿನ ಮುದ್ರೆ ಒತ್ತಿದ, ಬೇರೆಯವರು ಮಾಡಿದ ಬಟ್ಟಲು.

ಕುಂಕುಮದ ಬಟ್ಟಲಿಗೆ ಬರೀ ಹೊಳಪಿದ್ದರೆ ಸಾಕು, ನಮಗೆ ಸಾಲದು. ಸೊಟ್ಟಗಿದ್ದರೂ ಪರವಾಗಿಲ್ಲ, ಒಂದನ್ನಾದರೂ ನಾವೇ ಮಾಡೋಣ.