ಚಿಲ್ಲರೆ ಸುದ್ದಿ, ಚಿಲ್ಲರೆ ಕಾಸು

ನಮ್ಮ ಪತ್ರಿಕೆಯನ್ನು ಪುಣೆಯ ಹೋಟೆಲುಗಳಲ್ಲಿ ಹೇಗೆ ಓದುವರೆಂಬುದನ್ನು ನಾವು ಹಲವು ಸಲ ಕಣ್ಣಾರೆ ಕಂಡಿದ್ದೇವೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಾಯಂಕಾಲದ ಚಹಾ ಆರಂಭವಾಗುವುದಕ್ಕೆ ಮುಂಚೆ ಮುಕ್ಕಾಲು ಗಂಟೆಯ ಬಿಡುವು ದೊರೆಯುತ್ತದೆ. ಆಗ ಅಡುಗೆಮನೆಯ ಹಿಂಬಾಗಿಲಲ್ಲಿ ಅಕ್ಕಿ ಮೂಟೆಯ ಮೇಲೆ ಕುಳಿತು ಒಬ್ಬನು ಗಟ್ಟಿಯಾಗಿ ಓದುವನು. ಉಳಿದ ನಾಲ್ವರು ಕೇಳುವರು. ಓದುವವನು ಮೊದಲ ಪುಟದಿಂದ ಆರಂಭಿಸುವುದಿಲ್ಲ. ಮಂತ್ರಿಗಳ ಭಾಷಣವನ್ನೂ ಮಹಾಸಭೆಗಳ ನಿರ್ಣಯಗಳನ್ನೂ ದಾಟಿಕೊಂಡು, ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲಿನಲ್ಲಿ ಅಚ್ಚಾದ ಯಾವುದಾದರೊಂದು ವಿಚಿತ್ರ ವರ್ತಮಾನವನ್ನು ಹುಡುಕಿ ತೆಗೆಯುವನು. ಸಂಪಾದಕೀಯದ ಗತಿ ಏನೆಂದು ಒಮ್ಮೆ ವಿಚಾರಿಸಿದೆವು. “ಅದನ್ನು ನಾಳೆ ಓದುತ್ತೇವೆ ಸ್ವಾಮಿ” ಎಂಬ ಉತ್ತರ ಬಂತು. ಮರುದಿನ ಆ ಹಾಳೆಯ ಮೇಲೆ ಪಕೋಡದ ಎಣ್ಣೆ ಇಳಿಯುತ್ತಿತ್ತು.

ನಮಗೆ ಮೊದಲು ತುಸು ಮುನಿಸು ಬಂದುದು ನಿಜ. ವಿಚಾರಿಸಿ ನೋಡಲಾಗಿ, ಓದುವವನ ಕ್ರಮದಲ್ಲಿ ಒಂದು ನ್ಯಾಯವಿರುವುದು ಗೋಚರಿಸಿತು. ದೊಡ್ಡ ಸುದ್ದಿ ದೊಡ್ಡವರದು. ಅದು ದಿಲ್ಲಿಯಲ್ಲಿ ಹುಟ್ಟಿ ದಿಲ್ಲಿಯಲ್ಲೇ ಮುಗಿಯುವುದುಂಟು. ಚಿಲ್ಲರೆ ಸುದ್ದಿಯಾದರೋ ನೇರವಾಗಿ ನಮ್ಮ ಅಡುಗೆಮನೆಗೆ, ನಮ್ಮ ಜೇಬಿಗೆ ಬಂದು ಸೇರುತ್ತದೆ. ಆದುದರಿಂದ ಇಂದು ನಾವೂ ಮೂಲೆಯಿಂದಲೇ ಆರಂಭಿಸುವೆವು.

ಬನ್ನು, ಪರೋಟ ಮತ್ತು ಮಧ್ಯಾಹ್ನದ ಬಾಗಿಲು

2024ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನ ಹೋಟೆಲು ಮಾಲಿಕರೊಬ್ಬರು ಕೇಂದ್ರ ಅರ್ಥಸಚಿವೆಯ ಎದುರಿಗೆ ತಮ್ಮ ಸಂಕಟವನ್ನು ನಿವೇದಿಸಿದರು. ಬರಿಯ ಬನ್ನಿಗೆ ತೆರಿಗೆಯಿಲ್ಲ. ಅದರೊಳಗೆ ಕ್ರೀಮು ತುಂಬಿದೊಡನೆ ಆಗ ನೂರಕ್ಕೆ 18ರಂತೆ ತೆರಿಗೆ ಬೀಳುತ್ತಿತ್ತು. ಬನ್ನನ್ನೂ ಕ್ರೀಮನ್ನೂ ಬೇರೆ ಬೇರೆಯಾಗಿ ತಂದಿಡಿ, ಹಚ್ಚಿಕೊಳ್ಳುವ ಕೆಲಸ ನಮಗಿರಲಿ ಎಂದು ಗಿರಾಕಿಗಳು ಹೇಳುತ್ತಾರಂತೆ. ದೇಶವೆಲ್ಲ ನಕ್ಕಿತು. ಅನಂತರ ಅವರು ಕ್ಷಮೆ ಕೇಳಿದ ದೃಶ್ಯ ಬಹಿರಂಗವಾಗಿ, ನಗೆ ಹೋಗಿ ರಾಜಕೀಯದ ಗದ್ದಲವೆದ್ದಿತು. ಬಿಲ್ಲು ಬರೆಯುವ ನಮ್ಮ ಗುಮಾಸ್ತ ಮಿತ್ರರು ಮಾತ್ರ ಇದರಲ್ಲಿ ಹಾಸ್ಯವನ್ನು ಕಾಣಲಿಲ್ಲ; ಅವರಿಗೆ ಅದು ದಿನನಿತ್ಯದ ಲೆಕ್ಕ.

ಪರೋಟದ ಕಥೆಯೂ ಇಂಥದೇ. ಕಾಯಿಸಿ ತಿನ್ನುವಂತೆ ಪೊಟ್ಟಣದಲ್ಲಿ ಮಾರುವ ಪರೋಟವು ರೊಟ್ಟಿಯ ಜಾತಿಗೆ ಸೇರಿದ್ದಲ್ಲ, ಅದಕ್ಕೆ 18ರ ತೆರಿಗೆಯೇ ತಕ್ಕದ್ದೆಂದು ಕರ್ನಾಟಕದ ತೆರಿಗೆ ಪ್ರಾಧಿಕಾರವು 2020ರಲ್ಲಿ ನಿರ್ಣಯಿಸಿತು. ಸುಟ್ಟರೆ ರೊಟ್ಟಿ, ಮಡಚಿ ಸುಟ್ಟರೆ ಬೇರೆ ಪದಾರ್ಥ ಎಂಬ ಈ ವೇದಾಂತವು ನಮ್ಮ ಭಟ್ಟರಿಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದರಗಳು ಪರಿಷ್ಕೃತವಾದಾಗ ರೊಟ್ಟಿ, ಪರೋಟ ಎರಡಕ್ಕೂ ತೆರಿಗೆ ಇಲ್ಲದಾಯಿತು. ಪರೋಟವು ರೊಟ್ಟಿಯ ಬಳಗಕ್ಕೆ ಮರಳಿ ಸೇರಲು ಐದು ವರ್ಷ ಬೇಕಾಯಿತು.

ಇನ್ನು ನಮ್ಮ ಪುಣೆಯದೇ ಒಂದು ವಾರ್ತೆ. ಚಿತಳೆ ಬಂಧುಗಳ ಮಿಠಾಯಿ ಅಂಗಡಿಯು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಿದ್ದುದು ಊರಿನ ಹಾಸ್ಯಗಳಲ್ಲಿ ಮುಖ್ಯವಾದುದಾಗಿತ್ತು. 2017ರ ಜುಲೈಯಲ್ಲಿ ಅವರು ಆ ಹೊತ್ತಿನಲ್ಲಿಯೂ ಅಂಗಡಿ ತೆರೆದಿರಿಸಲು ನಿಶ್ಚಯಿಸಿದಾಗ ಪತ್ರಿಕೆಗಳೆಲ್ಲ ಅದನ್ನು ಪ್ರಕಟಿಸಿದವು. ಅಂಗಡಿ ಮುಚ್ಚಿದ್ದುದು ಊರಿಗೆ ವಿನೋದ. ತೆರೆದುದು ಊರಿಗೆ ವಾರ್ತೆ. ನಮ್ಮವರ ಹೋಟೆಲುಗಳು ಬೆಳಗಿನ ಜಾವದಿಂದ ರಾತ್ರಿಯವರೆಗೆ ಎಷ್ಟೋ ವರ್ಷಗಳಿಂದ ತೆರೆದೇ ಇವೆ. ಅದು ಯಾವ ಪತ್ರಿಕೆಯಲ್ಲಿಯೂ ವಾರ್ತೆಯಾದುದನ್ನು ನಾವು ಕಾಣೆವು.

ಕಾಸಿನ ಕಥೆ

ಸುದ್ದಿಯಲ್ಲಿ ಹೇಗೋ ನಾಣ್ಯದಲ್ಲಿಯೂ ಹಾಗೆಯೇ; ಚಿಲ್ಲರೆಯ ಬೆಲೆ ತಿಳಿಯುವುದು ಅದು ಇಲ್ಲದಾದಾಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರವನ್ನು ಉಳಿಸಲೆಂದು ಸರಕಾರವು 1943ರಲ್ಲಿ ನಡುವೆ ರಂಧ್ರವುಳ್ಳ ಕಾಸನ್ನು ಹೊರಡಿಸಿತು. ತೂತು ಕಾಸೆಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಚಿಲ್ಲರೆಯ ಅಭಾವ ಹೆಚ್ಚಿ ಕೆಲವು ದೇಶೀಯ ಸಂಸ್ಥಾನಗಳು ಕಾಸಿಗೆ ಬದಲಾಗಿ ಕಾಗದದ ಚೀಟಿಗಳನ್ನೇ ಹಂಚಿದವು.

1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ನೂರು ನಯೇ ಪೈಸೆಯ ಲೆಕ್ಕ ಬಂತು. ಒಂದಾಣೆಗೆ ಸಲ್ಲತಕ್ಕದ್ದು ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲವಾದುದರಿಂದ ಒಂದಾಣೆಗೆ 6, ಮೂರಾಣೆಗೆ 19 ಎಂದು ಪಟ್ಟಿ ಮಾಡಿದರು. ಮೂರಾಣೆಯನ್ನು ಒಂದೊಂದಾಗಿ ಬದಲಿಸಿದವನಿಗೆ ಹದಿನೆಂಟು, ಒಟ್ಟಿಗೆ ಬದಲಿಸಿದವನಿಗೆ ಹತ್ತೊಂಬತ್ತು! ಗಲ್ಲೆಯ ಮೇಲೆ ಕುಳಿತವರಿಗೂ ಗಿರಾಕಿಗಳಿಗೂ ಆ ಒಂದು ಪೈಸೆಗಾಗಿ ಎಷ್ಟು ವಾಗ್ವಾದ ನಡೆದಿದ್ದೀತೆಂಬುದನ್ನು ವಾಚಕರು ಊಹಿಸಬಲ್ಲರು. ಬಳಿಕ 2011ರ ಜೂನ್ 30ರೊಡನೆ ನಾಲ್ಕಾಣೆಯೂ ಅದಕ್ಕಿಂತ ಕಿರಿಯ ನಾಣ್ಯಗಳೂ ಚಲಾವಣೆಯಿಂದ ನಿವೃತ್ತವಾದವು. ಎಂಟಾಣೆಯು ಇಂದಿಗೂ ಕಾನೂನಿನ ಪ್ರಕಾರ ನಾಣ್ಯವೇ. ಆದರೆ ಅದನ್ನು ಅಂಗಡಿಗೆ ಕೊಂಡೊಯ್ದವನು ಕಾನೂನನ್ನು ತನ್ನ ಬಳಿಯಲ್ಲೇ ಇಟ್ಟುಕೊಂಡು ಹಿಂದಿರುಗಬೇಕಾಗುತ್ತದೆ.

ಚಿಲ್ಲರೆಗೆ ಬದಲಾಗಿ ಚಾಕೊಲೇಟು ಕೊಡುವ ಸಂಪ್ರದಾಯವು ನಮ್ಮವರ ಜಾಣತನವೆಂದು ಹಲವರು ಭಾವಿಸಿರುವರು. ಹಾಗೇನೂ ಇಲ್ಲ. 1970ರ ದಶಕದಲ್ಲಿ ಇಟಲಿಯ ಅಂಗಡಿಗಳು ಮಿಠಾಯಿಗಳನ್ನೂ ಟೆಲಿಫೋನಿನ ಬಿಲ್ಲೆಗಳನ್ನೂ ಚಿಲ್ಲರೆಯಾಗಿ ಕೊಟ್ಟವು. ಬ್ಯಾಂಕುಗಳು ಪುಟ್ಟ ಚೆಕ್ಕುಗಳನ್ನು ಮುದ್ರಿಸಿದವು. 2008-09ರಲ್ಲಿ ಅರ್ಜೆಂಟೀನಾದಲ್ಲಿಯೂ, 2009ರಲ್ಲಿ ತನ್ನ ನಾಣ್ಯವನ್ನೇ ಕೈಬಿಟ್ಟ ಜಿಂಬಾಬ್ವೆಯಲ್ಲಿಯೂ ಇದೇ ಮಿಠಾಯಿ ವ್ಯವಹಾರ ನಡೆಯಿತು. ಗಿರಾಕಿಯು ಆ ಮಿಠಾಯಿಗಳನ್ನೆಲ್ಲ ಕೂಡಿಟ್ಟು ಮರಳಿ ತಂದು ಕಾಫಿ ಕೇಳಿದರೆ ಮಾತ್ರ ಯಾವ ದೇಶದ ಅಂಗಡಿಯವನೂ ಒಪ್ಪುವುದಿಲ್ಲ.

ಇದಕ್ಕೆ ವಿರುದ್ಧವಾದ ವಿನೋದಗಳೂ ಉಂಟು. ಹತ್ತು ರೂಪಾಯಿಯ ನಾಣ್ಯ ಖೋಟಾ ಎಂಬ ವದಂತಿ ಹಬ್ಬಿ ಹಲವು ಊರುಗಳಲ್ಲಿ ಅದನ್ನು ಮುಟ್ಟದಾದಾಗ, ಹದಿನಾಲ್ಕು ನಮೂನೆಯ ನಾಣ್ಯಗಳಿವೆ, ಹದಿನಾಲ್ಕೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಿಸಬೇಕಾಯಿತು. 2022ರಲ್ಲಿ ಸೇಲಂ ನಗರದ ಯುವಕನೊಬ್ಬನು ಎರಡು ಲಕ್ಷ ಅರುವತ್ತು ಸಾವಿರ ರೂಪಾಯಿಯನ್ನು ಒಂದೊಂದು ರೂಪಾಯಿಯ ನಾಣ್ಯಗಳಲ್ಲಿ ತಂದು ಮೋಟಾರು ಬೈಕನ್ನು ಕೊಂಡನು. ಅಂಗಡಿಯ ನೌಕರರು ಎಣಿಸಿ ಮುಗಿಸಲು ಹತ್ತು ಗಂಟೆ ಹಿಡಿಯಿತಂತೆ. ರೂಪಾಯಿ ನಾಣ್ಯಗಳನ್ನು ಒಂದು ಸಲಕ್ಕೆ ಸಾವಿರ ರೂಪಾಯಿಗೆ ಮೀರಿ ಸ್ವೀಕರಿಸುವ ನಿರ್ಬಂಧವಿಲ್ಲವೆಂದು 2011ರ ನಾಣ್ಯ ಕಾನೂನು ಹೇಳುತ್ತದೆ. ಅಂಗಡಿಯವರು ಬೇಡವೆನ್ನಬಹುದಾಗಿತ್ತು. ಎನ್ನಲಿಲ್ಲ, ಎಣಿಸಿದವರು ಮಾಲಿಕರಲ್ಲವಷ್ಟೆ.

ತಟ್ಟೆಯಲ್ಲಿ ಉಳಿಯುತ್ತಿದ್ದುದು

ಈಗ ಮುಖ್ಯ ವಿಷಯಕ್ಕೆ ಬರುವೆವು. ಚಿಲ್ಲರೆಯ ಈ ಎಲ್ಲ ಜಗಳಗಳನ್ನು ಒಂದು ಹೊಸ ಉಪಾಯವು ಸದ್ದಿಲ್ಲದೆ ಮುಗಿಸಿಬಿಟ್ಟಿದೆ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಎರಡು ಸಾವಿರ ಕೋಟಿಗೂ ಮಿಕ್ಕ ಪಾವತಿಗಳು ನಡೆದವು. ನಲವತ್ತಾರು ರೂಪಾಯಿಯ ಬಿಲ್ಲಿಗೆ ನಲವತ್ತಾರೇ ರೂಪಾಯಿ ಸಲ್ಲುತ್ತದೆ. ಐವತ್ತರ ನೋಟು ಬೇಡ, ನಾಲ್ಕು ರೂಪಾಯಿ ಮರಳಿ ಬರಬೇಕಾಗಿಲ್ಲ. ಗಲ್ಲೆಯ ಮೇಲಿನ ಪುಟ್ಟ ಪೆಟ್ಟಿಗೆಯು ಹಣ ಬಂದಿತೆಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತದೆ. ಗಿರಾಕಿಗೆ ಸುಖ, ಮಾಲಿಕರಿಗೆ ಸುಖ, ಲೆಕ್ಕ ಬರೆಯುವ ಗುಮಾಸ್ತರಿಗೂ ಸುಖ. ಸುಧಾರಣೆಯೆಂದು ಒಪ್ಪತಕ್ಕದ್ದೇ.

ಆದರೆ ಆ ನಾಲ್ಕು ರೂಪಾಯಿ ಎಲ್ಲಿ ಹೋಯಿತು? ಅದು ಬಡೇಸೋಂಪಿನ ತಟ್ಟೆಯಲ್ಲಿ ಬಿಲ್ಲಿನ ಜೊತೆಗೆ ಗಿರಾಕಿಯ ಮುಂದೆ ಬರುತ್ತಿತ್ತು. ಆತನು ಎರಡನ್ನು ಎತ್ತಿಕೊಂಡು ಎರಡನ್ನು ಬಿಡುತ್ತಿದ್ದನು. ಮನಸ್ಸು ಬಂದರೆ ನಾಲ್ಕನ್ನೂ ಬಿಡುತ್ತಿದ್ದನು. ಧಾರಾಳತನದಿಂದಲೇ ಬಿಟ್ಟನೆಂದು ಹೇಳಲಾರೆವು. ಜೇಬಿನಲ್ಲಿ ಭಾರವೆಂದೂ, ಎದುರಿಗೆ ಕುಳಿತವರು ನೋಡುತ್ತಿರುವರೆಂದೂ ಬಿಟ್ಟವರೇ ಹೆಚ್ಚು. ಹೇಗೆಯೇ ಆಗಲಿ, ಮಾಣಿಗೆ ಅದು ದೊರೆಯುತ್ತಿತ್ತು. ಈಗ ತಟ್ಟೆಯಲ್ಲಿ ಬರುವುದು ಬಡೇಸೋಂಪು ಮಾತ್ರ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಅರುವತ್ತು ಮಂದಿ ಎರಡೆರಡು ರೂಪಾಯಿ ಬಿಟ್ಟರೆಂದು ಇಟ್ಟುಕೊಂಡರೆ 120 ರೂಪಾಯಿ. ಇಪ್ಪತ್ತಾರು ದಿನಕ್ಕೆ 3,120 ರೂಪಾಯಿ. ಸಂಬಳವು ಊರಿಗೆ, ತಾಯಿಯ ಔಷಧಕ್ಕೆ, ತಂಗಿಯ ಕಾಲೇಜಿಗೆ ಹೋಗುತ್ತದೆ. ಮಾಣಿಯ ಸ್ವಂತ ಖರ್ಚಿಗೆ, ಅವನ ಮೊಬೈಲಿಗೆ, ಚಪ್ಪಲಿಗೆ, ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿನ ಟಿಕೇಟಿಗೆ ಒದಗುತ್ತಿದ್ದುದು ಈ ಚಿಲ್ಲರೆಯೇ. ಯಾವ ಅಂದಾಜುಪತ್ರದಲ್ಲಿಯೂ ಬರೆಯದ ಆದಾಯವು ಯಾವ ವರದಿಯಲ್ಲಿಯೂ ಬರೆಯದೆ ಕಡಿಮೆಯಾಗಿದೆ. ನಾವು ಮಾತನಾಡಿಸಿದ ಹೋಟೆಲು ನೌಕರರೆಲ್ಲರೂ ಇದನ್ನೇ ಹೇಳಿದರು. ಒಬ್ಬರೂ ದೂರೆಂದು ಹೇಳಲಿಲ್ಲ.

ನ್ಯಾಯಾಲಯಗಳ ಮಾತು

ಹಾಗಾದರೆ ಬಿಲ್ಲಿನಲ್ಲೇ ಸೇವಾಶುಲ್ಕವನ್ನು ಸೇರಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ದೊಡ್ಡ ಹೋಟೆಲುಗಳು ಹಾಗೆಯೇ ಮಾಡುತ್ತಿದ್ದವು. ಗಿರಾಕಿಯನ್ನು ಕೇಳದೆ ಅದನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಆಜ್ಞಾಪಿಸಿತು. ಹೋಟೆಲು ಸಂಘಗಳು ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ಅಲ್ಲಿನ ಏಕಸದಸ್ಯ ಪೀಠವು ಆ ಆಜ್ಞೆಯನ್ನೇ ಎತ್ತಿಹಿಡಿಯಿತು. ನಮಗೆ ಇದು ಸರಿಯೆಂದೇ ತೋರುತ್ತದೆ. ಬಲವಂತದಿಂದ ವಸೂಲು ಮಾಡಿದ್ದು ಬಕ್ಷೀಸಾಗುವುದಿಲ್ಲ. ನೌಕರರ ಹಿತಕ್ಕಾಗಿ ಎಂದು ವಸೂಲಾದ ಹಣವು ನೌಕರರ ಕೈಗೆ ಎಷ್ಟು ಸೇರಿತೆಂಬುದನ್ನು ಗಿರಾಕಿಯು ತಿಳಿಯುವ ಮಾರ್ಗವೂ ಇರಲಿಲ್ಲ.

2016ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಮಾತನ್ನು ಹೇಳಿದೆ. ಗಿರಾಕಿಗಳು ಬಿಲ್ಲಿನೊಡನೆ ಕಾರ್ಡಿನ ಮೂಲಕ ಕೊಟ್ಟು, ಹೋಟೆಲು ಆಮೇಲೆ ನೌಕರರಿಗೆ ಹಂಚಿದ ಟಿಪ್ಸು ಮಾಲಿಕರು ಕೊಡುವ ಸಂಬಳವಲ್ಲವೆಂಬುದೇ ಆ ತೀರ್ಪಿನ ತಿರುಳು. ಪ್ರಶ್ನೆ ತೆರಿಗೆಯದಾದರೂ ತತ್ತ್ವ ನಮಗೆ ಬೇಕಾದುದೇ: ಕೊಟ್ಟವನು ಗಿರಾಕಿ, ಪಡೆಯುವವನು ನೌಕರ, ಮಾಲಿಕರು ನಡುವೆ ನಿಂತು ದಾಟಿಸುವವರು. ಇಂಗ್ಲೆಂಡಿನಲ್ಲಿ ಇದನ್ನೇ ಕಾನೂನಾಗಿ ಮಾಡಿರುವರು. 2023ರಲ್ಲಿ ಅಂಗೀಕೃತವಾಗಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಶಾಸನದ ಪ್ರಕಾರ, ಯಾವ ದಾರಿಯಿಂದ ಬಂದ ಟಿಪ್ಸನ್ನೂ ಮಾಲಿಕರು ಕಡಿತವಿಲ್ಲದೆ ನೌಕರರಿಗೆ ನ್ಯಾಯವಾಗಿ ಹಂಚತಕ್ಕದ್ದು.

ಅಮೆರಿಕದಿಂದ ನಾವು ಕಲಿಯಬೇಕಾದುದು ಎಚ್ಚರಿಕೆ. ಅಲ್ಲಿ ಟಿಪ್ಸು ಪಡೆಯುವ ನೌಕರನಿಗೆ ಮಾಲಿಕರು ಕೊಡಲೇಬೇಕಾದ ನಗದು ಕೂಲಿಯು ಕೇಂದ್ರ ಕಾನೂನಿನ ಮೇರೆಗೆ ಗಂಟೆಗೆ 2.13 ಡಾಲರು, 1991ರಿಂದ ಅದು ಏರಿಲ್ಲ. ಉಳಿದುದನ್ನು ಟಿಪ್ಸು ತುಂಬಬೇಕು, ತುಂಬದಿದ್ದರಷ್ಟೇ ಮಾಲಿಕರು ಕೊಡಬೇಕು. ಬಕ್ಷೀಸು ಸಂಬಳದ ಜಾಗದಲ್ಲಿ ಬಂದು ಕುಳಿತರೆ ಆಗುವ ಪಾಡು ಇದು. ಸಂಬಳ ಸಂಬಳವಾಗಿಯೇ ಇರಬೇಕು. ಬಕ್ಷೀಸು ಅದರ ಮೇಲಿನ ಮಾತು.

ಆಗಬೇಕಾದ ಕೆಲಸ

ಪುಣೆಯ ನಮ್ಮ ಹೋಟೆಲುಗಳಲ್ಲಿ ಇದಕ್ಕೆ ಶಾಸನವನ್ನು ಕಾಯಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಗಲ್ಲೆಯ ಮೇಲೆ ಮಾಲಿಕರ ಖಾತೆಯ ಸಂಕೇತಫಲಕವೊಂದಿರುವಂತೆ, ನೌಕರರ ಹೆಸರಿನ ಇನ್ನೊಂದು ಫಲಕವನ್ನು ಇಡಲು ಅಡ್ಡಿಯೇನು? ಬಂದ ಹಣವನ್ನು ವಾರಕ್ಕೊಮ್ಮೆ ಎಲ್ಲರ ಎದುರಿಗೆ ಎಣಿಸಿ ಹಂಚಬೇಕು. ಹಂಚುವಾಗ ಬಡಿಸುವವರಿಗೆ ಮಾತ್ರವಲ್ಲದೆ ಒಳಗೆ ಬೆಂಕಿಯ ಮುಂದೆ ನಿಂತ ಭಟ್ಟರಿಗೂ, ಲೋಟ ತೊಳೆಯುವವರಿಗೂ ಪಾಲಿರಬೇಕು. ಗಿರಾಕಿಯ ಕಣ್ಣಿಗೆ ಬೀಳದವರಿಗೆ ತಟ್ಟೆಯ ಕಾಲದಲ್ಲಿಯೂ ಏನೂ ದೊರೆಯುತ್ತಿರಲಿಲ್ಲ. ಹೀಗೆ ಬಂದುದನ್ನು ತೋರಿಸಿ ಸಂಬಳದ ಏರಿಕೆಯನ್ನು ತಡೆಯಕೂಡದೆಂಬ ಒಪ್ಪಂದವೂ ಜೊತೆಯಲ್ಲಿರಬೇಕು.

ಮಾಲಿಕರಿಗೆ ಇದು ಅಪರಿಚಿತ ವಿಷಯವಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಊರಿಗೆಲ್ಲ ಪ್ರಿಯವಾಗುವಂತೆ ಬೆಳೆಸಿ 2023ರ ನವೆಂಬರಿನಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು, ಬಾಲ್ಯದಲ್ಲಿಯೇ ಕರಾವಳಿಯಿಂದ ಹೊರಟು ಕಲ್ಯಾಣದ ಹೋಟೆಲಿನಲ್ಲಿ ದುಡಿದು ಪುಣೆಗೆ ಬಂದವರು. ಇಂದು ಗಲ್ಲೆಯ ಮೇಲೆ ಕುಳಿತಿರುವ ಹಲವರು ಒಂದು ಕಾಲಕ್ಕೆ ತಟ್ಟೆ ಎತ್ತಿದವರೇ. ತಟ್ಟೆಯಲ್ಲಿ ಉಳಿದ ಎರಡಾಣೆ ಎಂದರೆ ಏನೆಂಬುದನ್ನು ಅವರಿಗೆ ನಾವು ವಿವರಿಸಬೇಕಾಗಿಲ್ಲ.

ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ವಾಚಕರಿಗೆ ಒಂದು ಬಿನ್ನಹ. ತಿಂಗಳ ಕೊನೆಯಲ್ಲಿ ತಮ್ಮ ಜೇಬೂ ಹಗುರವೆಂಬುದು ನಮಗೆ ಗೊತ್ತಿದೆ, ದೊಡ್ಡದನ್ನು ಕೇಳುವುದಿಲ್ಲ. ಬೆಳಗ್ಗೆ ಬಸ್ಸಿಗೆ ಓಡುವ ಮುನ್ನ ಒಂದು ಪ್ಲೇಟು ಇಡ್ಲಿ ತಿಂದು ಮೊಬೈಲನ್ನು ಹೊರತೆಗೆಯುವಾಗ, ಎರಡೋ ಮೂರೋ ನಾಣ್ಯಗಳು ಜೇಬಿನಲ್ಲಿದ್ದರೆ ಅವನ್ನು ತಟ್ಟೆಯಲ್ಲಿಡಿ. ಮಾಣಿಯು ನಿಮ್ಮ ಊರಿನವನಾಗಿರಬಹುದು. ಅಲ್ಲದಿದ್ದರೆ ಪಕ್ಕದ ಊರಿನವನು.

ಈ ಲೇಖನವನ್ನು ಒಳಪುಟದ ಮೂಲೆಯಲ್ಲಿಯೇ ಅಚ್ಚು ಹಾಕಬೇಕೆಂದು ಮುದ್ರಣಾಲಯದವರಿಗೆ ಸೂಚಿಸಿದ್ದೇವೆ. ಅಲ್ಲಿದ್ದರೆ ಅಕ್ಕಿ ಮೂಟೆಯ ಮೇಲೆ ಕುಳಿತವನು ಇಂದೇ ಗಟ್ಟಿಯಾಗಿ ಓದಿಯಾನು. ಗಲ್ಲೆಯ ಮೇಲೆ ಕುಳಿತವರಿಗೂ ಕೇಳಿಸೀತು.