ಚೀಲ ಹೊಲಿಯುವ ಮುನ್ನ ಚಾಳೀಸು

ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕೂಗುತ್ತೀರಾ? ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೈಯನ್ನು ದೂರ ಚಾಚಿ ಮತ್ತೆ ಮತ್ತೆ ಪ್ರಯತ್ನಿಸುತ್ತೀರಾ? ವಯಸ್ಸು ನಲವತ್ತು ದಾಟಿದ್ದರೆ ಈ ವಾರದ ಮಾತು ನಿಮಗಾಗಿ.

2016ರಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಬಟ್ಟೆಚೀಲಕ್ಕೆ ಮತ್ತೆ ಬೆಲೆ ಬಂದಿದೆ. ಹಳೆಯ ಸೀರೆ, ಪಂಚೆಗಳ ತುಂಡು ಜೋಡಿಸಿ, ನಡುವೆ ಹತ್ತಿಯ ಪದರವಿಟ್ಟು ಕೌದಿಯಂತೆ ಹೊಲಿದ ಚೀಲ ನೋಡಲೂ ಚೆಂದ, ಬಾಳಿಕೆಯೂ ಹೆಚ್ಚು. ಕೌದಿ ನಮಗೆ ಹೊಸದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುತ್ತ ಸಾಗುವ ಕೌದಿಗಳು ಇಂದು ದೂರದೂರದವರೆಗೂ ಹೆಸರಾಗಿವೆ.

ಆದರೆ ಈ ಕೆಲಸ ಕಣ್ಣಿಗೆ ಎಷ್ಟು ಹೊರೆ ಎಂಬುದನ್ನು ಲೆಕ್ಕ ಹಾಕಿದ್ದೀರಾ? ನಮೂನೆಯ ಪ್ರಕಾರ 15 ಅಂಗುಲ ಉದ್ದ, 15 ಅಂಗುಲ ಅಗಲದ ಚೀಲ ಎನ್ನೋಣ. ಅಂಗುಲಕ್ಕೊಂದರಂತೆ ಅಡ್ಡಲಾಗಿ 14, ಉದ್ದಕ್ಕೆ 14 ಸಾಲು. ಎರಡೂ ಮಗ್ಗುಲು ಸೇರಿ 840 ಅಂಗುಲ, ಅಂದರೆ 70 ಅಡಿ ಹೊಲಿಗೆ. ಅಂಗುಲಕ್ಕೆ ಆರು ಹೊಲಿಗೆಯಂತೆ ಕೈಯಲ್ಲಿ ಹೊಲಿದರೆ ಐದು ಸಾವಿರಕ್ಕೂ ಹೆಚ್ಚು ಹೊಲಿಗೆ! ಇಷ್ಟನ್ನೂ ಮಸುಕು ಮಸುಕಾಗಿ ಕಾಣುವ ಕಣ್ಣಿನಲ್ಲಿ ಮಾಡಿದರೆ ತಲೆನೋವು, ಕಣ್ಣುರಿ ಬಾರದೆ ಇರುತ್ತದೆಯೇ?

ಕಣ್ಣಿನೊಳಗಿನ ಮಸೂರ ಚಿಕ್ಕಂದಿನಲ್ಲಿ ಮೃದುವಾಗಿರುತ್ತದೆ. ಹತ್ತಿರದ ವಸ್ತುವನ್ನು ನೋಡುವಾಗ ಅದು ಉಬ್ಬಿ ದೃಷ್ಟಿಯನ್ನು ಹೊಂದಿಸಿಕೊಳ್ಳುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗಿ, ನಲವತ್ತರ ಸುಮಾರಿಗೆ ಹತ್ತಿರದ್ದು ಮಸುಕಾಗತೊಡಗುತ್ತದೆ. ಇದು ರೋಗವಲ್ಲ, ನಿಶ್ಶಕ್ತಿಯೂ ಅಲ್ಲ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡಕಕ್ಕೆ 'ಚಾಳೀಸು' ಎಂಬ ಹೆಸರು ಬಂದದ್ದೇ ನಲವತ್ತರ ಲೆಕ್ಕದಿಂದ!

'ಒಮ್ಮೆ ಹಾಕಿದರೆ ಪವರ್ ಏರುತ್ತಲೇ ಹೋಗುತ್ತದೆ' ಎಂದು ಹಲವರು ಹೆದರುತ್ತಾರೆ. ಇದು ತಪ್ಪು ತಿಳಿವಳಿಕೆ. ಕನ್ನಡಕ ಹಾಕಿದರೂ ಬಿಟ್ಟರೂ ಮಸೂರ ತನ್ನ ಪಾಡಿಗೆ ಗಡುಸಾಗುತ್ತದೆ. ಅದಕ್ಕಾಗಿ ಕಣ್ಣಿಗೆ ಜೇನು, ಎಣ್ಣೆ ಬಿಡುವುದು ಅಪಾಯಕರ.

ಕನ್ನಡಕದಿಂದ ಆಗುವ ಲಾಭ ಸಣ್ಣದಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಅಧ್ಯಯನವೊಂದು 2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತಿರದ ನೋಟಕ್ಕೆ ಕನ್ನಡಕ ಪಡೆದವರ ಎಲೆ ಕೀಳುವ ಸಾಮರ್ಥ್ಯ, ಪಡೆಯದವರಿಗಿಂತ ಸುಮಾರು ಶೇಕಡ 22ರಷ್ಟು ಹೆಚ್ಚಾಗಿತ್ತು. ಎಲೆ ಕೀಳುವುದಕ್ಕೇ ಹೀಗಾದರೆ ಸೂಜಿಗಣ್ಣಿನ ಮಾತೇನು?

ಹೀಗಿದ್ದೂ ನಮ್ಮ ಮನೆಗಳಲ್ಲಿ ನಡೆಯುವುದೇನು? ಮೊಬೈಲಿಗೆ ಹಣ ಹೊಂದುತ್ತದೆ, ಹೊಲಿಗೆ ಯಂತ್ರಕ್ಕೆ ಕಂತು ಕಟ್ಟುತ್ತೇವೆ. ಅಮ್ಮನ ಕನ್ನಡಕ ಮಾತ್ರ 'ಮುಂದಿನ ತಿಂಗಳು ನೋಡೋಣ' ಎಂದು ಮುಂದೆ ಹೋಗುತ್ತಲೇ ಇರುತ್ತದೆ. ಆಕೆಯೂ 'ನನಗಿನ್ನು ಯಾಕೆ' ಎಂದು ಸೂಜಿದಾರವನ್ನು ಕಪಾಟಿನಲ್ಲಿಟ್ಟು ಬಿಡುತ್ತಾಳೆ. ಪ್ರೀತಿಯ ಹವ್ಯಾಸ, ಎಷ್ಟೋ ಮನೆಗಳಲ್ಲಿ ನಾಲ್ಕು ಕಾಸಿನ ಸಂಪಾದನೆ, ಸದ್ದಿಲ್ಲದೆ ನಿಂತುಹೋಗುತ್ತದೆ. ಇದು ವಯಸ್ಸಿನ ತಪ್ಪಲ್ಲ, ಮನೆಯವರ ಅಲಕ್ಷ್ಯ ಎಂಬುದೇ ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಸಿಗುವ ಸಿದ್ಧ ಕನ್ನಡಕ ಸಾಲದೇ ಎಂದು ಕೇಳಬಹುದು. ಹತ್ತಿರದ ಕೆಲಸಕ್ಕೆ ಅದು ಸಾಕಾಗಬಹುದು. ಆದರೆ ಅದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ, ನಿಮ್ಮ ಕಣ್ಣುಗಳು ಹಾಗಿರಬೇಕೆಂದಿಲ್ಲ. ಮೇಲಾಗಿ ನೇತ್ರತಜ್ಞರ ಬಳಿ ಹೋದರೆ ಕಣ್ಣಿನ ಒತ್ತಡ, ಪೊರೆ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕಾದ ಹಾನಿ ಇವೆಲ್ಲವೂ ಬೇಗ ಪತ್ತೆಯಾಗುತ್ತವೆ.

ಇನ್ನು ಹೊಲಿಯುವಾಗ ಈ ಕೆಲವು ವಿಷಯ ಗಮನದಲ್ಲಿರಲಿ:

* ಬಲಗೈಯಲ್ಲಿ ಹೊಲಿಯುವವರಿಗೆ ಬೆಳಕು ಎಡ ಹೆಗಲ ಮೇಲಿಂದ ಬೀಳಲಿ. ಕೈಯ ನೆರಳು ಹೊಲಿಗೆಯ ಮೇಲೆ ಬೀಳದು.

* ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ಮುಂದಕ್ಕೆ ಬಾಗಿದಷ್ಟೂ ಕತ್ತಿನ ಮೇಲೆ ಭಾರ ಹೆಚ್ಚು. ತೊಡೆಯ ಮೇಲೆ ದಿಂಬಿಟ್ಟು ಬಟ್ಟೆಯನ್ನು ಕಣ್ಣಿನತ್ತ ಎತ್ತಿ, ಕತ್ತನ್ನು ಬಟ್ಟೆಯತ್ತ ಬಗ್ಗಿಸಬೇಡಿ.

* ಇಪ್ಪತ್ತು ನಿಮಿಷಕ್ಕೊಮ್ಮೆ ಸೂಜಿ ಕೆಳಗಿಟ್ಟು ದೂರದ ಮರವನ್ನೋ ಮನೆಯನ್ನೋ ನೋಡಿ, ಕೆಲವು ಬಾರಿ ರೆಪ್ಪೆ ಮಿಟುಕಿಸಿ, ಹೆಗಲು ಸಡಿಲಿಸಿ.

* ಹಳೆಯ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿಯೇ ಕತ್ತರಿಸಿ. ಆಸ್ತಮಾ ಇರುವವರಿಗೆ ಅದರ ಧೂಳು ಒಳ್ಳೆಯದಲ್ಲ.

* ದಪ್ಪ ಪದರಗಳನ್ನು ಹೊಲಿಯುವಾಗ ಬೆರಳಿಗೆ ಅಂಗುಸ್ತಾನ ಇರಲಿ. ಸಕ್ಕರೆ ಕಾಯಿಲೆಯಿಂದ ಬೆರಳು ಮರಗಟ್ಟುವವರಿಗೆ ಸೂಜಿ ಚುಚ್ಚಿದ್ದೇ ತಿಳಿಯದಿರಬಹುದು. ಹೊಲಿದು ಮುಗಿಸಿದ ಮೇಲೆ ಕೈ ಪರೀಕ್ಷಿಸಿಕೊಳ್ಳಿ.

* ನಮೂನೆಯಲ್ಲಿ ಚೀಲದ ಪಟ್ಟಿ ಕಿರಿದಾಗಿದ್ದರೆ ಎರಡು ಅಂಗುಲಕ್ಕೆ ಅಗಲಿಸಿ, ಒಳಗೆ ಹತ್ತಿ ತುಂಬಿ. ತರಕಾರಿಯ ಭಾರ ಹೆಗಲನ್ನು ಕೊಯ್ಯದು.

ಯಾವ ನಮೂನೆಯೇ ಇರಲಿ, ಅದರಲ್ಲಿ ಬೇಕಾಗುವ ಸಾಮಾನುಗಳ ಪಟ್ಟಿ ಇರುತ್ತದೆ: ಬಟ್ಟೆ, ಹತ್ತಿ, ದಾರ, ಸೂಜಿ, ಕತ್ತರಿ. ನಲವತ್ತು ದಾಟಿದವರು ಆ ಪಟ್ಟಿಯ ಮೊದಲ ಸಾಲಿನಲ್ಲಿ 'ಕನ್ನಡಕ' ಎಂದು ಬರೆದುಕೊಳ್ಳಲಿ. ಆ ಸಾಮಾನನ್ನು ತರುವ ಹೊಣೆ ಮನೆಯವರೆಲ್ಲರದು.